ಸ್ತ್ರೀಯರ ಗೂಢವ್ಯಥೆಯೂ ದೇಹರಕ್ಷಕ ಕಣಗಳೂ

(ಶ್ರೀಮಠದ ಮಹೋತ್ಸವ ಪ್ರಸಂಗದಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಸಭೆಗಳಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳ ವಿವೇಚನೆ ನಡೆಯುವದು ವಾಡಿಕೆಯಾಗಿದೆ. ಅಂಥ ಸಭೆಯಲ್ಲಿ ಸ್ತ್ರೀಯರ ಒಡಲಬೇನೆಯೊಂದರ ಮಾತೇಕೆ ಎಂದು ಕೆಲವರಿಗೆ ಸಂಕೋಚವಾದೀತು. ಆದರೆ ಆ ಸಂಕೋಚವೇ ಈ ಬೇನೆಯ ಅರ್ಧಬಲವಾಗಿರುವದರಿಂದ ಮೊದಲು ಅದನ್ನೇ ವಿಚಾರಿಸುವದು ಯೋಗ್ಯವಾಗಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಿಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದರು. ಮುಟ್ಟಾದವಳು ಅಸ್ಪೃಶ್ಯಳೆಂದು ಹೊರಗಿಡುತ್ತಿದ್ದ ಕಾಲದಲ್ಲಿ, ಅವಳು ಆ ದಿನಗಳಲ್ಲಿಯೂ ಲಿಂಗಪೂಜೆಗೆ ಅರ್ಹಳೆಂಬ ಅಧಿಕಾರವನ್ನು ಕೊಟ್ಟರು. ಸೂತಕವು ಹೋಯಿತು, ನಾಚಿಕೆಯು ಮಾತ್ರ ಉಳಿಯಿತು. ರಜಸ್ಸಿಗೆ ಮೈಲಿಗೆಯಿಲ್ಲವೆಂದು ಒಪ್ಪಿದ ಮನೆಗಳಲ್ಲಿಯೂ ರಜೋವೇದನೆಯ ಮಾತು ಇಂದಿಗೂ ಅಡಿಗೆಮನೆಯ ಹೊಸ್ತಿಲನ್ನು ದಾಟುವದಿಲ್ಲ.

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಎರೆಯ ಭೂಮಿಯಲ್ಲಿ ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿಗಳು ಬೆಳೆಯುವವು. ಹತ್ತಿ ಬಿಡಿಸುವವಳೂ ಸ್ತ್ರೀ, ಮೆಣಸಿನಕಾಯಿ ಹರಿಯುವವಳೂ ಸ್ತ್ರೀ, ದಿನವಿಡೀ ಬಗ್ಗಿ ಕಳೆ ಕೀಳುವವಳೂ ಸ್ತ್ರೀ. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವವಳೂ ಸ್ತ್ರೀ. ಇಂಥ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಸೊಸೆಯು ಪ್ರತಿ ತಿಂಗಳು ಮೂರು ನಾಲ್ಕು ದಿನ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುವಳು. ಅತ್ತೆಯು ಕೆಟ್ಟವಳಲ್ಲ; “ನಮಗೂ ಹಿಂಗ ಆಗತಿತ್ತು, ತಡಕೋಬೇಕವಾ” ಎಂದು ಬಿಸಿನೀರು ಕಾಯಿಸಿಕೊಡುವಳು. ಕನ್ಯೆಯಾಗಿದ್ದಾಗ “ಲಗ್ನವಾದರೆ ಸರಿಹೋಗುವದು” ಎಂದರು. ಲಗ್ನವಾದ ಮೇಲೆ “ಒಂದು ಕೂಸು ಆದರೆ ಸರಿಹೋಗುವದು” ಎಂದರು. ಕೂಸು ಆಗಲಿಲ್ಲ, ಬೇನೆಯು ಹೆಚ್ಚಿತು. ಆಗ ಹರಕೆ, ತಾಯಿತ, ಕೊನೆಗೆ ‘ಬಂಜೆ’ ಎಂಬ ಬಿರುದು. ಆ ಮನೆಯಲ್ಲಿ ಯಾರೂ ಆಕೆಗೆ ಕೇಡು ಬಗೆಯಲಿಲ್ಲ. ಆದರೂ ಆಕೆಯ ಹತ್ತು ವರುಷಗಳು ಹಾಳಾದವು. ಏಕೆಂದರೆ ಆಕೆಗೆ ಇದ್ದದ್ದು ಹಣೆಬರಹವಲ್ಲ, ಒಂದು ವ್ಯಾಧಿ. ಅದರ ಹೆಸರು ಎಂಡೋಮೆಟ್ರಿಯೋಸಿಸ್.

ಈ ವ್ಯಾಧಿಯ ಸ್ವರೂಪವೇನೆಂದರೆ: ಗರ್ಭಾಶಯದ ಒಳಮೈಗೆ ಒಂದು ಮೃದುವಾದ ಪದರು ಇರುವದು. ಪ್ರತಿ ತಿಂಗಳು ಅದು ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬೀಳುವದು, ಇದೇ ಮುಟ್ಟು. ಆ ಪದರನ್ನು ಹೋಲುವ ಧಾತುವೇ ಗರ್ಭಾಶಯದ ಹೊರಗೆ, ಅಂದರೆ ಅಂಡಕೋಶಗಳ ಮೇಲೆ, ಹೊಟ್ಟೆಯ ಒಳಹಾಸಿನ ಮೇಲೆ, ಗರ್ಭಾಶಯಕ್ಕೂ ಮಲಾಶಯಕ್ಕೂ ನಡುವಿನ ಕುಳಿಯಲ್ಲಿ, ಕೆಲವರಲ್ಲಿ ಕರುಳು ಮೂತ್ರಕೋಶಗಳ ಮೇಲೆ ಬೇರೂರಿ ಬೆಳೆಯುವದು ಈ ವ್ಯಾಧಿ. ಅದಕ್ಕೂ ಋತುಚಕ್ರದ ಗತಿ ತಪ್ಪಿದ್ದಲ್ಲ. ಅದೂ ತಿಂಗಳಿಗೊಮ್ಮೆ ಉಬ್ಬಿ ರಕ್ತ ಸುರಿಸುವದು. ಆದರೆ ಆ ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅದು ಅಲ್ಲಿಯೇ ನಿಂತು ಉರಿಯೂತ ಹುಟ್ಟಿಸುವದು. ಅಂಗಾಂಗಗಳು ಒಂದಕ್ಕೊಂದು ಅಂಟಿಕೊಳ್ಳುವವು. ಅಂಡಕೋಶದಲ್ಲಿ ಹಳೆಯ ರಕ್ತ ತುಂಬಿದ ಕಂದುಬಣ್ಣದ ಚೀಲಗಳಾಗುವವು. ವಿಶ್ವ ಆರೋಗ್ಯ ಸಂಸ್ಥೆಯು ಗರ್ಭಧಾರಣೆಯ ವಯಸ್ಸಿನ ಸ್ತ್ರೀಯರಲ್ಲಿ ೧೦೦ಕ್ಕೆ ಸುಮಾರು ೧೦ ಜನರಿಗೆ, ಎಂದರೆ ಜಗತ್ತಿನಲ್ಲಿ ಸುಮಾರು ೧೯ ಕೋಟಿ ಜನರಿಗೆ ಈ ವ್ಯಾಧಿಯುಂಟೆಂದು ಹೇಳಿದೆ.

ಮುಟ್ಟಿನ ಬೇನೆಯನ್ನು ಭಾರತದ ಪ್ರಾಚೀನ ವೈದ್ಯರು ಅಲಕ್ಷಿಸಿದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ೨೦ ಯೋನಿವ್ಯಾಪತ್ತುಗಳನ್ನು ಎಣಿಸಿದೆ. ಅವುಗಳಲ್ಲಿ ಉದಾವರ್ತಿನಿ ಎಂಬದರಲ್ಲಿ ರಜಸ್ಸು ಮೇಲ್ಮುಖವಾಗಿ ಹೋಗುವದೆಂದೂ, ಸ್ತ್ರೀಯು ಕಷ್ಟದಿಂದ ಅದನ್ನು ವಿಸರ್ಜಿಸುವಳೆಂದೂ, ಸ್ರಾವವಾದ ಕೂಡಲೆ ಸುಖ ಹೊಂದುವಳೆಂದೂ ವರ್ಣನೆಯಿದೆ. ಇದನ್ನು ಓದಿದವರು “ಎಲ್ಲವೂ ಶಾಸ್ತ್ರದಲ್ಲಿ ಮೊದಲೇ ಇದೆ” ಎಂದು ಹಿಗ್ಗುವದುಂಟು. ಅದು ವಿವೇಕವಲ್ಲ. ಎಂಡೋಮೆಟ್ರಿಯೋಸಿಸ್ಸಿನಲ್ಲಿ ಸ್ರಾವವಾದರೂ ಬೇನೆ ಇಳಿಯದೆ ಇರಬಹುದು, ಮುಟ್ಟಿಲ್ಲದ ದಿನಗಳಲ್ಲಿಯೂ ಇರಬಹುದು. ಆದುದರಿಂದ ಎರಡೂ ಒಂದೇ ಎಂದು ಹೇಳಲಾಗದು. ಸ್ತ್ರೀಯ ಈ ವೇದನೆಯು ಶಾಸ್ತ್ರದಲ್ಲಿ ವಿಚಾರಿಸತಕ್ಕ ವಿಷಯವೆಂದು ಪೂರ್ವಿಕರು ತಿಳಿದಿದ್ದರು ಎಂಬಷ್ಟನ್ನು ಗ್ರಹಿಸಿದರೆ ಸಾಕು.

ಹೊಸ ಕಾಲದಲ್ಲಿ ವಿಯೆನ್ನಾ ನಗರದ ಕಾರ್ಲ್ ರೊಕಿಟಾನ್ಸ್ಕಿ ಎಂಬ ಪಂಡಿತನು ೧೮೬೦ರಲ್ಲಿ ಗರ್ಭಾಶಯದ ಪದರಿನಂಥ ಧಾತುವು ಸ್ಥಾನ ತಪ್ಪಿ ಬೆಳೆದದ್ದನ್ನು ವರ್ಣಿಸಿದನು. ಅಮೇರಿಕೆಯ ಆಲ್ಬನಿ ಎಂಬಲ್ಲಿ ಜಾನ್ ಸ್ಯಾಂಪ್ಸನ್ ಎಂಬ ವೈದ್ಯನು ೧೯೨೧ರಲ್ಲಿ ಅಂಡಕೋಶದ ಕಂದು ಚೀಲಗಳ ವಿಷಯವನ್ನು ಪ್ರಕಟಿಸಿ, ೧೯೨೭ರಲ್ಲಿ ಒಂದು ಕಾರಣವನ್ನು ಮುಂದಿಟ್ಟನು. ಮುಟ್ಟಿನ ರಕ್ತವೆಲ್ಲ ಕೆಳಕ್ಕೇ ಹರಿಯುವದಿಲ್ಲ. ಸ್ವಲ್ಪಭಾಗವು ಹಿಂದಿರುಗಿ, ಗರ್ಭನಾಳಗಳ ಮೂಲಕ ಹೊಟ್ಟೆಯೊಳಕ್ಕೆ ಬೀಳುವದು. ಅದರೊಡನೆ ಹೋದ ಪದರಿನ ಚೂರುಗಳು ಅಲ್ಲಿ ಬೇರುಬಿಡುವವು ಎಂಬುದು ಅವನ ಮತ. ಎದೆಯ ಪುಪ್ಪುಸದಲ್ಲಿಯೂ ಅಪರೂಪವಾಗಿ ಈ ವ್ಯಾಧಿ ಕಾಣುವದರಿಂದ ಇದೊಂದೇ ದಾರಿಯೆಂದು ಹೇಳಲಾಗದಿದ್ದರೂ, ಮುಖ್ಯವಾದ ದಾರಿ ಇದೇ ಎಂದು ಬಹುಜನ ವೈದ್ಯರು ಒಪ್ಪಿರುವರು.

ಇಲ್ಲಿಯೇ ಒಂದು ದೊಡ್ಡ ಪ್ರಶ್ನೆ ಏಳುವದು. ೧೯೮೪ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಗರ್ಭನಾಳಗಳು ತೆರೆದಿದ್ದ ಸ್ತ್ರೀಯರನ್ನು ಮುಟ್ಟಿನ ದಿನಗಳಲ್ಲಿ ನೋಡಲಾಗಿ, ೧೦೦ಕ್ಕೆ ೯೦ ಜನರ ಹೊಟ್ಟೆಯ ದ್ರವದಲ್ಲಿ ರಕ್ತ ಕಂಡಿತು. ರಕ್ತ ಹಿಂದಿರುಗುವದು ೯೦ ಜನರಲ್ಲಿ; ವ್ಯಾಧಿ ಬರುವದು ೧೦ ಜನರಲ್ಲಿ. ಹೀಗೇಕೆ? ಒಕ್ಕಲಿಗನಿಗೆ ಈ ಪ್ರಶ್ನೆ ಹೊಸದಲ್ಲ. ಕಳೆಯ ಬೀಜವು ಗಾಳಿಗೆ ಊರಿನ ಎಲ್ಲ ಹೊಲಗಳಲ್ಲಿಯೂ ಬೀಳುವದು. ಒಂಬತ್ತು ಹೊಲಗಳಲ್ಲಿ ಅದು ನಿಲ್ಲದೆ, ಹತ್ತನೆಯದರಲ್ಲಿ ಮಾತ್ರ ಹಬ್ಬಿತೆಂದರೆ ಬೀಜವನ್ನಷ್ಟೇ ದೂರಿ ಫಲವಿಲ್ಲ. ಆ ಹೊಲದ ಮಣ್ಣು ಎಂಥದು, ಕಳೆ ಕೀಳುವವರು ಏನು ಮಾಡಿದರು ಎಂದು ಕೇಳಬೇಕಾಗುವದು. ದೇಹದಲ್ಲಿ ಕಳೆ ಕೀಳುವವರೆಂದರೆ ರೋಗನಿರೋಧಕ ಕಣಗಳು.

ಈ ಕಣಗಳ ಕೆಲಸವನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಮುಖ್ಯನು ರಶಿಯಾದ ಇಲ್ಯಾ ಮೆಚ್ನಿಕಾಫ್. ೧೮೮೨ರಲ್ಲಿ ಸಿಸಿಲಿ ದ್ವೀಪದ ಮೆಸಿನಾದಲ್ಲಿದ್ದಾಗ, ಅವನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯ ಮೈಯಲ್ಲಿ ಗುಲಾಬಿಯ ಮುಳ್ಳು ಚುಚ್ಚಿ ಇಟ್ಟನು. ಮರುದಿನ ನೋಡಲಾಗಿ ಸಂಚರಿಸುವ ಕಣಗಳು ಆ ಮುಳ್ಳನ್ನು ಸುತ್ತುಗಟ್ಟಿದ್ದವು. ಪರವಸ್ತುವನ್ನು ನುಂಗಿ ಅರಗಿಸುವ ಕಣಗಳು ಪ್ರಾಣಿಗಳ ಮೈಯಲ್ಲಿರುವವೆಂಬ ಈ ಸಿದ್ಧಾಂತಕ್ಕಾಗಿ ೧೯೦೮ರಲ್ಲಿ ಅವನಿಗೆ ಪಾಲ್ ಎರ್ಲಿಖ್ ಎಂಬವನೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಅಂಥ ದೊಡ್ಡ ನುಂಗುಕಣಗಳಿಗೆ ಮ್ಯಾಕ್ರೊಫೇಜ್ ಎಂದು ಹೆಸರು. ಮಹಾಭಕ್ಷಕ ಎಂದರೆ ಅರ್ಥವಾಗುವದು. ರೋಗಾಣುಗಳನ್ನು ನುಂಗುವದು, ಸತ್ತ ಕಣಗಳನ್ನು ಗುಡಿಸುವದು, ಗಾಯ ಮಾಯಿಸುವದು ಇವು ಅವುಗಳ ಕಾಯಕ. ಗರ್ಭಾಶಯದಲ್ಲಿ ಪ್ರತಿ ತಿಂಗಳು ಕಳಚಿದ ಪದರನ್ನು ಶುದ್ಧಮಾಡಿ ಹೊಸ ಪದರು ಮೂಡಲು ನೆರವಾಗುವವುಗಳಲ್ಲಿ ಅವೂ ಸೇರಿವೆ.

ಹೊಟ್ಟೆಯೊಳಕ್ಕೆ ಬಿದ್ದ ಚೂರುಗಳನ್ನು ಈ ಮಹಾಭಕ್ಷಕಗಳು ನುಂಗಿಬಿಡಬೇಕಾದದ್ದು ನ್ಯಾಯ. ವ್ಯಾಧಿಯುಳ್ಳ ಸ್ತ್ರೀಯರ ಹೊಟ್ಟೆಯ ದ್ರವದಲ್ಲಿ ಅವು ಕಡಿಮೆಯಾಗಿರುವವೋ ಎಂದರೆ, ಇಲ್ಲ; ಹೆಚ್ಚಾಗಿಯೇ ಇರುವವು. ಆದರೆ ಅವುಗಳ ನುಂಗುವ ಶಕ್ತಿ ಕುಗ್ಗಿರುವದು. ನುಂಗುವ ಬದಲು ಅವು ಗಾಯ ಮಾಯಿಸುವ ಗುಣವನ್ನೇ ತಾಳಿ, ಆ ಚೂರುಗಳನ್ನು ತನ್ನದೇ ಮೈಯ ಗಾಯವೆಂದು ಬಗೆದು ಉಪಚರಿಸತೊಡಗುವವು. ಹೊಸ ರಕ್ತನಾಳಗಳು ಹುಟ್ಟುವಂತೆ ಸೂಚಿಸುವ ರಸಗಳನ್ನು ಸ್ರವಿಸುವವು. ಉರಿಯೂತವನ್ನು ಹೆಚ್ಚಿಸುವ ರಸಗಳನ್ನೂ ಸ್ರವಿಸಿ ರಕ್ತದಿಂದ ಇನ್ನಷ್ಟು ಕಣಗಳನ್ನು ಅಲ್ಲಿಗೆ ಕರೆಯುವವು. ಕಳೆ ಕೀಳಲು ಹೊಲಕ್ಕೆ ಹೋದವಳು ಅದನ್ನು ಪೈರೆಂದು ತಿಳಿದು ನೀರು ಹಾಯಿಸಿದಂತಾಯಿತು.

ಇದು ಬರಿಯ ಊಹೆಯಲ್ಲ. ೨೦೦೯ರಲ್ಲಿ ಇಟಲಿಯ ಮಿಲಾನಿನ ಸಂಶೋಧಕರು ಇಲಿಗಳಲ್ಲಿ ಈ ವ್ಯಾಧಿಯನ್ನು ಉಂಟುಮಾಡಿ, ಅವುಗಳ ಮಹಾಭಕ್ಷಕಗಳನ್ನು ಕಡಿಮೆಮಾಡಿದಾಗ, ಬಿದ್ದ ಧಾತುವು ಸರಿಯಾಗಿ ರಕ್ತನಾಳ ಪಡೆದು ಬೆಳೆಯಲಾರದೆ ಹೋಯಿತು. ಆದರೆ ಎಲ್ಲ ಮಹಾಭಕ್ಷಕಗಳೂ ದ್ರೋಹಿಗಳೆಂದು ತೀರ್ಮಾನಿಸಬಾರದು. ೨೦೨೧ರಲ್ಲಿ ಬ್ರಿಟನ್ನಿನ ಸಂಶೋಧಕರು ಇಲಿಗಳಲ್ಲಿಯೇ ತೋರಿಸಿದ್ದೇನೆಂದರೆ, ಆ ಗಂಟುಗಳಲ್ಲಿರುವ ಮಹಾಭಕ್ಷಕಗಳ ಮೂಲ ಒಂದೇ ಅಲ್ಲ. ಗರ್ಭಾಶಯದ ಪದರಿನೊಡನೆಯೇ ಬಂದವು ಕೆಲವು, ಹೊಟ್ಟೆಯಲ್ಲಿ ಮೊದಲಿನಿಂದ ಇದ್ದವು ಕೆಲವು, ರಕ್ತದಿಂದ ಹೊಸದಾಗಿ ಬಂದವು ಕೆಲವು. ಪದರಿನೊಡನೆ ಬಂದವು ಗಂಟನ್ನು ಬೆಳೆಸುವವು. ರಕ್ತದಿಂದ ಬಂದವು ಅದನ್ನು ತಡೆಯಲು ಯತ್ನಿಸುವವು. ಒಂದೇ ಕುಲದಲ್ಲಿ ಸಾಧುಗಳೂ ಅಸಾಧುಗಳೂ ಇರುವಂತೆ ಇದು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿಯೂ ಹಾಗೆಯೇ ಇರಬೇಕೆಂಬ ನಿಯಮವಿಲ್ಲವಾದರೂ ವಿಚಾರದ ದಾರಿ ಇದರಿಂದ ತಿಳಿಯುವದು.

ಎರಡನೆಯ ಬಗೆಯ ಕಣಗಳಿಗೆ ನ್ಯಾಚುರಲ್ ಕಿಲ್ಲರ್ ಕಣಗಳೆಂದು ಹೆಸರು, ಸಹಜಮಾರಕವೆನ್ನಬಹುದು. ಸ್ಥಾನಭ್ರಷ್ಟವಾದ ಅಥವಾ ವಿಕೃತವಾದ ಕಣವನ್ನು ಕಂಡಲ್ಲಿಯೇ ಕೊಲ್ಲುವದು ಅವುಗಳ ಧರ್ಮ. ಬೆಲ್ಜಿಯಮ್ ದೇಶದ ಲ್ಯೂವೆನ್ನಿನ ವೈದ್ಯರು ೧೯೯೧ರಲ್ಲಿ, ಈ ವ್ಯಾಧಿಯುಳ್ಳ ಸ್ತ್ರೀಯರಲ್ಲಿ ಆ ಕಣಗಳ ಕೊಲ್ಲುವ ಸಾಮರ್ಥ್ಯ ಕಡಿಮೆಯಾಗಿರುವದೆಂದು ಪ್ರಕಟಿಸಿದರು. ಮುಂದಿನ ಪರೀಕ್ಷೆಗಳು ಬಹುಮಟ್ಟಿಗೆ ಅದನ್ನು ಸಮರ್ಥಿಸಿವೆ. ಅವುಗಳ ಮೈಮೇಲೆ ಲಗಾಮಿನಂಥ ಗ್ರಾಹಕಗಳು ಹೆಚ್ಚಾಗಿ, ಕೊಲ್ಲಬೇಕಾದ ಕಣವು ಎದುರಿಗಿದ್ದರೂ ಕೈಯೆತ್ತದೆ ಇರುವವು. ಇವಲ್ಲದೆ ಟೀ ಕಣಗಳಲ್ಲಿ ಸಮಾಧಾನ ಮಾಡಿಸುವ ಜಾತಿಯವು ಹೊಟ್ಟೆಯ ದ್ರವದಲ್ಲಿ ಹೆಚ್ಚಾಗಿ ಪ್ರತಿಭಟನೆಯನ್ನು ಅಡಗಿಸುವವು. ಬೀ ಕಣಗಳಿಂದ ಸ್ವಂತ ಮೈಯ ಧಾತುಗಳ ವಿರುದ್ಧವೇ ಪ್ರತಿವಸ್ತುಗಳು ಹುಟ್ಟುವದು ಕೆಲವರಲ್ಲಿ ಕಂಡಿದೆ. ಮಾಸ್ಟ್ ಕಣಗಳು ನರಗಳ ಹತ್ತಿರ ನೆರೆಯುವವು.

ಇನ್ನು ಬೇನೆಯ ವಿಷಯ. ಬೆಳೆದ ಗಂಟಿನೊಳಕ್ಕೆ ರಕ್ತನಾಳಗಳಷ್ಟೇ ಅಲ್ಲ, ಸೂಕ್ಷ್ಮವಾದ ನರಗಳೂ ಹಬ್ಬುವವು. ಮಹಾಭಕ್ಷಕಗಳು ಸ್ರವಿಸುವ ಒಂದು ಬೆಳವಣಿಗೆಯ ರಸವು ಆ ನರಗಳನ್ನು ಚಿಗುರಿಸಿ, ಅವುಗಳ ಸಂವೇದನೆಯನ್ನು ಹರಿತಮಾಡುವದೆಂದು ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ನರಗಳು ತಾವೂ ಮಹಾಭಕ್ಷಕಗಳನ್ನು ಕರೆಯುವವು. ಇದರೊಡನೆ ಸ್ತ್ರೀಸಹಜವಾದ ಈಸ್ಟ್ರೋಜನ್ ರಸವನ್ನು ಗಂಟುಗಳು ತಾವೇ ತಯಾರಿಸಿಕೊಳ್ಳುವವು. ಆ ರಸವು ಗಂಟನ್ನೂ ಕಣಗಳನ್ನೂ ನರಗಳನ್ನೂ ಕೂಡಿಯೇ ಪ್ರಚೋದಿಸುವದು. ತಿಂಗಳಿಗೊಮ್ಮೆ ಸುರಿಯುವ ರಕ್ತದ ಕಬ್ಬಿಣದ ಅಂಶವು ಉರಿಯೂತಕ್ಕೆ ಮತ್ತಷ್ಟು ಎಣ್ಣೆ ಹೊಯ್ಯುವದು. ಹೀಗೆ ಗಾಣದ ಎತ್ತಿನಂತೆ ಒಂದು ಸುತ್ತು ಮುಗಿದಲ್ಲಿಯೇ ಇನ್ನೊಂದು ಮೊದಲಾಗುವದು. ಕಣಗಳ ಈ ದೋಷವು ವ್ಯಾಧಿಗೆ ಮೊದಲೇ ಇತ್ತೋ ವ್ಯಾಧಿಯಿಂದ ಹುಟ್ಟಿತೋ ಎಂಬ ವಾದವು ವೈದ್ಯರಲ್ಲಿ ಇನ್ನೂ ನಡೆದಿದೆ. ಆದರೆ ಒಮ್ಮೆ ಸುತ್ತು ಹಿಡಿದ ಮೇಲೆ ಅದನ್ನು ನಡೆಸುವದರಲ್ಲಿ ಅವುಗಳ ಪಾಲು ದೊಡ್ಡದೆಂಬದರಲ್ಲಿ ಸಂಶಯವಿಲ್ಲ.

ಈ ಸೂಕ್ಷ್ಮವಿಚಾರದಿಂದ ಹಳ್ಳಿಯ ಸಂಸಾರಿಗಳಿಗೆ ಆಗುವ ಪ್ರಯೋಜನವೇನು ಎಂದರೆ, ನಾಲ್ಕು ಉಂಟು.

ಮೊದಲನೆಯದು, ಬೇನೆಯು ನಿಜವೆಂಬ ನಿಶ್ಚಯ. ನರಗಳು ಬೆಳೆದಿವೆ, ಕಣಗಳು ಮುತ್ತಿವೆ, ರಕ್ತ ನಿಂತಿದೆ. ಇದು ಸೋಗಲ್ಲ, ಮೈಗಳ್ಳತನವಲ್ಲ, ದೆವ್ವದ ಬಾಧೆಯಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ತಾಳಿಕೊಳ್ಳುವದು ಗುಣವೇ ಸರಿ. ಆದರೆ ವ್ಯಾಧಿಯನ್ನು ತಾಳಿಕೊಳ್ಳೆಂದು ಹೇಳುವದು ಉಪದೇಶವಲ್ಲ, ಉಪೇಕ್ಷೆ.

ಎರಡನೆಯದು, ಲಗ್ನವೂ ಹೆರಿಗೆಯೂ ಇದಕ್ಕೆ ಔಷಧವಲ್ಲ. ಬಸುರಿನಲ್ಲಿ ಕೆಲವರಿಗೆ ಬೇನೆ ತಗ್ಗಿದರೂ ವ್ಯಾಧಿಯು ಮರಳಿ ಬರಬಹುದು. ಇದೇ ವ್ಯಾಧಿಯು ಗರ್ಭ ನಿಲ್ಲುವದಕ್ಕೆ ಅಡ್ಡಿಯಾಗುವದರಿಂದ, ಕೂಸನ್ನೇ ಔಷಧವೆಂದು ಹೇಳುವದು ಆ ಹೆಣ್ಣಿಗೆ ಇಮ್ಮಡಿ ಅನ್ಯಾಯ. ಯೋಗ್ಯ ಚಿಕಿತ್ಸೆಯಿಂದ ಇಂಥವರಲ್ಲಿಯೂ ಅನೇಕರು ತಾಯಂದಿರಾಗಿರುವರು.

ಮೂರನೆಯದು, ರೋಗನಿರೋಧಕ ಶಕ್ತಿ ಹೆಚ್ಚಿಸುವದೆಂದು ಸಂತೆಯಲ್ಲಿ ಮಾರುವ ಪುಡಿ ಲೇಹ್ಯಗಳಿಂದ ಇದು ಗುಣವಾಗುವದಿಲ್ಲ. ಇಲ್ಲಿರುವ ದೋಷವು ಶಕ್ತಿಯ ಕೊರತೆಯಲ್ಲ, ಬುದ್ಧಿಭ್ರಮೆ. ದಾರಿ ತಪ್ಪಿದ ಆಳಿಗೆ ಹೆಚ್ಚು ಕೂಳು ಹಾಕಿದರೆ ಅವನು ದಾರಿ ಸೇರುವದಿಲ್ಲ. ಕಣಗಳನ್ನೇ ತಿದ್ದುವ ಔಷಧಗಳನ್ನು ಹುಡುಕುವ ಕೆಲಸವು ನಡೆದಿರುವದು. ಅವು ಇನ್ನೂ ಸಾಮಾನ್ಯ ಚಿಕಿತ್ಸೆಗೆ ಬಂದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಹೊಟ್ಟೆಬೇನೆಯೆಂದ ಕೂಡಲೆ “ಗರ್ಭಚೀಲ ತೆಗೆಸಿಬಿಡಿರಿ” ಎನ್ನುವ ಮಾತು ಉತ್ತರಕರ್ನಾಟಕದಲ್ಲಿ ಸುಲಭವಾಗಿಹೋಗಿದೆ. ೨೦೧೫ರ ಸುಮಾರಿಗೆ ಕಲಬುರ್ಗಿ ಜಿಲ್ಲೆಯ ತಾಂಡಾ ಹಳ್ಳಿಗಳ ಬಡಸ್ತ್ರೀಯರು, ತಮ್ಮ ಗರ್ಭಾಶಯಗಳನ್ನು ಅನಾವಶ್ಯಕವಾಗಿ ತೆಗೆದರೆಂದು ದೂರಿಕೊಂಡದ್ದು ಪ್ರಸಿದ್ಧವಾಗಿದೆ. ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ, ಇಂಥ ಅನಾವಶ್ಯಕ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಅಂಗೀಕರಿಸಬೇಕೆಂದು ಆಜ್ಞಾಪಿಸಿತು. ಎಂಡೋಮೆಟ್ರಿಯೋಸಿಸ್ಸಿನಲ್ಲಿ ಕಳೆಯು ಬೆಳೆದಿರುವದು ಗರ್ಭಾಶಯದ ಹೊರಗೆ. ಗರ್ಭಾಶಯವನ್ನಷ್ಟೇ ತೆಗೆದು ಕಳೆಯನ್ನು ಬಿಟ್ಟರೆ ಬೇನೆಯು ಉಳಿಯಬಹುದು; ಹೋದ ಅಂಗವು ಮಾತ್ರ ಮರಳಿ ಬಾರದು. ಶಸ್ತ್ರಕ್ರಿಯೆಯು ಅಗತ್ಯವಾಗುವ ಸಂದರ್ಭಗಳೂ ಉಂಟು. ಆದರೆ ಅದನ್ನು ನಿರ್ಧರಿಸುವ ಮೊದಲು ಎರಡನೆಯ ತಜ್ಞವೈದ್ಯರ ಅಭಿಪ್ರಾಯವನ್ನು ಕೇಳುವದು ಸ್ತ್ರೀಯ ಹಕ್ಕು.

ಹಾಗಾದರೆ ಮಾಡತಕ್ಕದ್ದೇನು? ಮುಟ್ಟಿನ ಬೇನೆಯಿಂದ ಶಾಲೆ, ಹೊಲ, ಮಗ್ಗ ತಪ್ಪುವಂತಿದ್ದರೆ. ಮುಟ್ಟಿಲ್ಲದ ದಿನಗಳಲ್ಲಿಯೂ ಕಿಬ್ಬೊಟ್ಟೆ ನೋಯುತ್ತಿದ್ದರೆ. ಮಲಮೂತ್ರ ವಿಸರ್ಜನೆಯಲ್ಲಿ, ದಾಂಪತ್ಯದಲ್ಲಿ ನೋವಾಗುತ್ತಿದ್ದರೆ. ವರುಷ ಕಳೆದರೂ ಗರ್ಭ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಬೇನೆ ಬಂದ ದಿನಗಳನ್ನು ದಿನದರ್ಶಿಕೆಯಲ್ಲಿ ಗುರುತುಮಾಡಿಟ್ಟುಕೊಂಡು ಹೋದರೆ ವೈದ್ಯರಿಗೆ ಬಹಳ ಸಹಾಯ. ರೋಣ, ನರಗುಂದಗಳಲ್ಲಿ ಸರಕಾರಿ ತಾಲೂಕು ಆಸ್ಪತ್ರೆಗಳಿವೆ; ಹೆಚ್ಚಿನ ತಪಾಸಣೆಗೆ ಗದಗಿನಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ, ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಇವೆ. ಹಿಂದೆ ಹೊಟ್ಟೆಯೊಳಗೆ ದುರ್ಬೀನು ಇಳಿಸಿ ನೋಡಿದ ಹೊರತು ಈ ವ್ಯಾಧಿಯನ್ನು ನಿಶ್ಚಯಿಸುತ್ತಿರಲಿಲ್ಲ. ೨೦೨೨ರ ಯೂರೋಪಿನ ವೈದ್ಯಸಂಘದ ಮಾರ್ಗಸೂಚಿಯು, ಲಕ್ಷಣಗಳನ್ನೂ ಸ್ಕ್ಯಾನಿಂಗನ್ನೂ ಆಧರಿಸಿಯೇ ಚಿಕಿತ್ಸೆಯನ್ನು ಮೊದಲುಮಾಡಬಹುದೆಂದು ಹೇಳಿದೆ. ಆದುದರಿಂದ ಶಸ್ತ್ರಕ್ರಿಯೆಯ ಭಯದಿಂದ ಮನೆಯಲ್ಲಿ ಕೂಡ್ರುವ ಕಾರಣವಿಲ್ಲ. ನೋವಿನ ಗುಳಿಗೆಗಳು, ಋತುಚಕ್ರವನ್ನು ಹಿಡಿತದಲ್ಲಿಡುವ ಹಾರ್ಮೋನು ಔಷಧಗಳು, ಬೇಕಾದಲ್ಲಿ ಗಂಟುಗಳನ್ನಷ್ಟೇ ತೆಗೆಯುವ ಶಸ್ತ್ರಕ್ರಿಯೆ ಇವು ಸದ್ಯದ ಉಪಾಯಗಳು. ಇವು ವ್ಯಾಧಿಯನ್ನು ಬೇರುಸಹಿತ ಕೀಳಲಾರವು. ಆದರೆ ಬಾಳನ್ನು ಸಹನೀಯ ಮಾಡುವವು. ಬೇನೆ ಮೊದಲಾದಂದಿನಿಂದ ಹೆಸರು ತಿಳಿಯುವವರೆಗೆ ಅನೇಕ ದೇಶಗಳಲ್ಲಿ ೪ರಿಂದ ೧೨ ವರುಷ ಹಿಡಿಯುವದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಆ ವರುಷಗಳನ್ನು ಉಳಿಸುವ ಸಾಮರ್ಥ್ಯವು ವೈದ್ಯರಿಗಿಂತ ಮೊದಲು ಮನೆಯವರಿಗಿದೆ.

೨೦೨೫ರ ಅಕ್ಟೋಬರದಲ್ಲಿ ಕರ್ನಾಟಕದ ಮಂತ್ರಿಮಂಡಳವು, ದುಡಿಯುವ ಸ್ತ್ರೀಯರಿಗೆ ಮುಟ್ಟಿನ ಸಲುವಾಗಿ ತಿಂಗಳಿಗೆ ಒಂದು ದಿನದಂತೆ ಸಂಬಳಸಹಿತ ರಜೆ ಕೊಡಲು ಒಪ್ಪಿಗೆಯಿತ್ತಿತು. ಕಚೇರಿ ಕಾರಖಾನೆಗಳವರಿಗೆ ಇದು ಆಯಿತು. ಹತ್ತಿ ಬಿಡಿಸುವವಳಿಗೆ ಯಾರ ಆಜ್ಞಾಪತ್ರವೂ ಮುಟ್ಟುವದಿಲ್ಲ. ಅವಳಿಗೆ ರಜೆ ಕೊಡಬೇಕಾದವರು ಈ ಸಭೆಯಲ್ಲಿ ಕುಳಿತಿರುವ ಹೊಲದ ಯಜಮಾನರು, ಗಂಡಂದಿರು, ಅತ್ತೆಯರು.

ಕಾಯಕವನ್ನು ಕೈಲಾಸವೆಂದು ತಿಳಿದ ಸಮಾಜವಿದು. ಕಾಯಕಕ್ಕೆ ಕಾಯವೇ ಆಧಾರ. ಶರಣರು ರಜಸ್ಸಿನ ಸೂತಕವನ್ನು ಅಳಿಸಿ ಅರ್ಧಕಾರ್ಯವನ್ನು ಮಾಡಿಹೋದರು. ಉಳಿದ ಅರ್ಧವೆಂದರೆ ಅದರ ನಾಚಿಕೆಯನ್ನು ಅಳಿಸುವದು. ಒಡಲೊಳಗಿನ ಕಾವಲುಗಾರರು ದಾರಿ ತಪ್ಪಿದಾಗ, ಹೊರಗಿನ ಕಾವಲುಗಾರರಾದ ಮನೆಮಂದಿಯೂ ದಾರಿ ತಪ್ಪಿದರೆ ಆ ಹೆಣ್ಣಿಗೆ ಗತಿ ಯಾರು? “ತಡಕೋಬೇಕವಾ” ಎನ್ನುತ್ತಿದ್ದ ಅತ್ತೆಯು “ನಡಿಯವಾ, ದವಾಖಾನೀಗೆ ಹೋಗೂಣು” ಎಂದು ಸೊಸೆಯ ಕೈಹಿಡಿದು ಎಬ್ಬಿಸಿದ ದಿನ, ಈ ಮಹೋತ್ಸವದ ಫಲವು ಆ ಮನೆಗೆ ಮುಟ್ಟಿತೆಂದು ತಿಳಿಯಬಹುದು.